ಹೊಳೆಯ ಮೇಲೊಂದು ಸೊನ್ನೆ

ಗೂಗಲ್ಲಿನಲ್ಲಿ (ಮೊಬೈಲಿನೊಳಗಿನ ಗೂಗಲ್‌ಗಿಂತ ಬಹಳ ಹಳೆಯದು, ದೇವದುರ್ಗ ತಾಲ್ಲೂಕಿನದು, ಅಲ್ಲಮಪ್ರಭುವಿನ ಗುಡಿ ಇರುವ ಊರು) ಹೊಳೆಗೆ ಇಳಿದಾಗ ಹೊತ್ತು ಆಗಲೇ ವಾಲಿತ್ತು, ಕೃಷ್ಣೆಯ ಮೈ ಬೆಳಗಿಟ್ಟ ಹಿತ್ತಾಳೆ ಪರಾತದ ಹಾಗೆ ಮಿನುಗುತ್ತಿತ್ತು. ಹರಗೋಲಿನೊಳಗೆ ಕಾಲಿಟ್ಟೆ, ಅದು ಒಂದು ಮಗ್ಗುಲಿಗೆ ವಾಲಿತು. ಕೂತೆ, ಅದೂ ಕೂತಿತು. ನನ್ನ ಭಾರಕ್ಕೆ ಎರಡು ಬೆರಳಷ್ಟು ಕೆಳಗಿಳಿದು, ಅಷ್ಟೇ ನೀರನ್ನು ಪಕ್ಕಕ್ಕೆ ಸರಿಸಿ, ಸರಿದ ನೀರಿನ ತೂಕದಷ್ಟೇ ಎತ್ತುಬಲವನ್ನು ಹೊಳೆಯಿಂದ ಪಡೆದು, ಸುಮ್ಮನಾಯಿತು. ಹೆಣೆದ ಬಿದಿರು, ಹೊರಗೆ ಡಾಂಬರು, ತಳದಲ್ಲಿ ಅಂಗೈಯಷ್ಟು ನೀರು, ಅದರಲ್ಲಿ ಮಿಣುಕುವ ಒಂದೇ ಒಂದು ಮೀನಿನ ಹುರುಪೆ.

ಅಂಬಿಗನ ಕೈಯಲ್ಲಿದ್ದದ್ದು ಒಂದೇ ಹುಟ್ಟು. ಎಡಕ್ಕೆ ಎಳೆದರೆ ಹರಗೋಲು ಬುಗುರಿಯಾಗಲು ಹವಣಿಸುತ್ತದೆ, ಬಲಕ್ಕೆ ಎಳೆದರೆ ಅದರ ಉಲ್ಟಾ. ಒಂದು ತಿರುವನ್ನು ಇನ್ನೊಂದು ನುಂಗಿ, ನುಂಗಿ ಉಳಿದದ್ದಷ್ಟೇ ನಮ್ಮನ್ನು ಮುಂದಕ್ಕೆ ಒಯ್ಯುತ್ತಿತ್ತು. ಆತ ನೀರನ್ನು ಹಿಂದಕ್ಕೆ ನೂಕಿದಷ್ಟೇ ನೀರು ನಮ್ಮನ್ನು ಮುಂದಕ್ಕೆ ನೂಕಿತ್ತು, ಹಿಂದೆ ಬಿದ್ದ ಪುಟ್ಟ ಸುಳಿಗಳು ಅದರ ಗುರುತು. ಶಾಲೆಯಲ್ಲಿ ಇದನ್ನೇ ಫಲಿತ ಬಲ, ಕ್ರಿಯೆ, ಪ್ರತಿಕ್ರಿಯೆ ಎಂದು ಬರೆಸಿದ್ದರು. ಬಾಣ ಎಳೆದು, ಕೂಡಿಸಿ ಕಳೆದು, ಅಂಕ ತೆಗೆದುಕೊಂಡಿದ್ದೆ. ಬೆರಗು ಮಾತ್ರ ಪಾಠದಲ್ಲಿರಲಿಲ್ಲ.

ನಡುಹೊಳೆಯಲ್ಲಿ ಆತ ಹುಟ್ಟು ಎತ್ತಿ ಅಂಚಿನ ಮೇಲಿಟ್ಟ. "ಸುಮ್ನೆ ಕುಂದ್ರ್ರಿ ಸರ, ಹೊಳಿನೇ ಒಯ್ತದ."

ಆಮೇಲೆ ಸದ್ದೇ ಇಲ್ಲ. ನಾವು ನಿಂತಿದ್ದೆವು, ದಡ ಹೊರಟಿತ್ತು: ಜಾಲಿಗಿಡ, ಬಂಡೆ, ಬಟ್ಟೆ ಒಗೆಯುವವರು, ಎಲ್ಲರೂ ಮೆಲ್ಲಗೆ ಪಡುವಣಕ್ಕೆ ನಡೆದಿದ್ದರು. ಹುಟ್ಟಿನ ತುದಿಯ ಹನಿ ಹಿಂದುಳಿಯದೆ, ನಮ್ಮ ಜೊತೆಗೇ ಸಾಗುತ್ತ, ನೇರ ಕೆಳಗೆ ಬಿದ್ದು ಉಂಗುರವಾಗುತ್ತಿತ್ತು. 1687ರಲ್ಲಿ ನ್ಯೂಟನ್ ಅಚ್ಚು ಹಾಕಿಸಿದ ಮೊದಲ ನಿಯಮಕ್ಕೆ ನಿಂತದ್ದೂ ಒಂದೇ, ಏರಿಳಿತವಿಲ್ಲದೆ ನೆಟ್ಟಗೆ ಸಾಗುವುದೂ ಒಂದೇ. ಎರಡರಲ್ಲೂ ಬಲಗಳು ಒಂದನ್ನೊಂದು ತೀರಿಸಿಕೊಂಡು ಸೊನ್ನೆಯಾಗಿರುತ್ತವೆ. ಸೊನ್ನೆ ಎಂದರೆ ಏನೂ ಇಲ್ಲವೆಂದಲ್ಲ. ಅಗೋ ಬ್ಯಾರೇಜಿನ ಗೇಟು, ತೂಕಡಿಸುವ ಎಮ್ಮೆಯಷ್ಟು ನಿಶ್ಚಲ. ಆದರೆ ತುಂಬಿದ ಹೊಳೆ 5 ಮೀಟರ್ ಆಳದಲ್ಲಿ ಚದರ ಮೀಟರಿಗೆ ಸುಮಾರು 5 ಟನ್ ಭಾರ ಹೇರುತ್ತದೆ, ಅದಕ್ಕೆ ಸರಿಸಮನಾಗಿ ಉಕ್ಕು, ಕಾಂಕ್ರೀಟು ಎದೆಯೊಡ್ಡಿರುತ್ತವೆ. ಹೊರಗೆ ಕಾಣುವುದು ಬರೀ ಮೌನ. ಬಯಲನ್ನು ಹಾಡಿದ ಅಲ್ಲಮನ ಗುಡಿ ಇಂಥ ನೀರಿನ ಮಗ್ಗುಲಲ್ಲೇ ಇರುವುದು ನನಗೆ ಯಾಕೋ ಕಾಕತಾಳೀಯ ಅನ್ನಿಸಲಿಲ್ಲ.

ಭೂಮಿಯ ತಿರುಗಾಟದಲ್ಲಿ ಈ ಸೀಮೆ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಮೂಡಣಕ್ಕೆ ಧಾವಿಸುತ್ತಿದೆ, ಹೊಳೆ, ಗುಡಿ, ಗುಡಿಯೊಳಗಿನ ದೀಪ ಸಮೇತ. ಕುಡಿ ಅಲುಗುವುದಿಲ್ಲ, ಗಾಳಿಯೂ ಜೊತೆಗೇ ಹೊರಟಿದೆಯಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಕಡೆಗೆ ಆತ ಮತ್ತೆ ಹುಟ್ಟು ಹಾಕಿದ, ಕೆಸರಿನ ವಾಸನೆ ಹತ್ತಿರ ಬಂತು, ಹರಗೋಲು ದಡಕ್ಕೆ ತಾಗಿ ತಟ್ಟನೆ ನಿಂತಿತು. ನನ್ನ ಮೈ ಮಾತ್ರ ಇನ್ನೊಂದು ಗೇಣು ಮುಂದಕ್ಕೆ ಹೋಯಿತು.