ಎಷ್ಟು ನೀರು ಕೊಟ್ಟರೆ ನ್ಯಾಯ?

ಮೆಕ್ಸಿಕೋದ ಪಾಟ್ಸ್‌ಕ್ವಾರೋ ಸರೋವರದ ಸಲಮಾಂಡರ್ ಅಚೋಕೆ ಈಗ ಅಳಿವಿನಂಚಿನಲ್ಲಿದೆ. ಕೆಮ್ಮಿನ ಔಷಧಕ್ಕೆಂದು ಅದನ್ನು ಸಾಕಿದ ಅಲ್ಲಿಯ ಡೊಮಿನಿಕನ್ ಸನ್ಯಾಸಿನಿಯರ ತೊಟ್ಟಿಗಳೇ ಇಂದು ಆ ಸಂತತಿಗೆ ಆಸರೆ.

ಹಾಗಾದರೆ ಸೆರೆಯೂ ಕರುಣೆಯಾಗಬಲ್ಲದೇ?

ಜೈನ ಗೃಹಸ್ಥರ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ತಗಲುವ ದೋಷಗಳಲ್ಲಿ, ಪ್ರಾಣಿಯನ್ನು ಕಟ್ಟಿಹಾಕುವ ‘ಬಂಧ’ ಒಂದು. ಅನ್ನಪಾನ ತಡೆಯುವುದು ಇನ್ನೊಂದು. ಇಕ್ಕಟ್ಟಾದ ತೊಟ್ಟಿ ಎರಡನ್ನೂ ಒಟ್ಟಿಗೇ ಮಾಡುತ್ತದೆ ಎನ್ನಬೇಕು. ಅಚೋಕೆಯ ಬಂಧು ಆಕ್ಸಲಾಟಲ್ ವಿಸರ್ಜಿಸುವ ಅಮೋನಿಯಾ ಕಡಿಮೆ ನೀರಿನಲ್ಲಿ ಬೇಗ ವಿಷವಾಗಿ, ಅದರ ಕಿವಿರು, ತೆಳು ಚರ್ಮವನ್ನು ಸುಡುತ್ತದೆ. ಒಂದಕ್ಕೆ ಕನಿಷ್ಠ 75 ಲೀಟರ್ ನೀರು ಬೇಕೆಂದು ಅನುಭವಿ ಸಾಕಣೆದಾರರು ಹೇಳುವುದು ಅದಕ್ಕೇ. ತಳದಲ್ಲೇ ನಡೆದಾಡುವ ಜೀವವಾದ್ದರಿಂದ ಎತ್ತರದ ಗಾಜಿಗಿಂತ ಅಗಲವಾದ ತಳ ಮುಖ್ಯ.

ಮರಗಪ್ಪೆಗೆ ಈ ಲೆಕ್ಕ ತಿರುಗುಮುರುಗು. ಅದು ಹತ್ತುವ ಪ್ರಾಣಿ. ಅದಕ್ಕೆ ಸಲ್ಲಬೇಕಾದದ್ದು ಎತ್ತರ ಮತ್ತು ಕೊಂಬೆ.