ನೋಟದ ಸುಖವೂ ಮನುಷ್ಯಋಣವೂ

ಒಬ್ಬರ ನಷ್ಟದಿಂದ ಹುಟ್ಟಿದ ಸೌಂದರ್ಯವನ್ನು ಮತ್ತೊಬ್ಬರು ಕಣ್ತುಂಬ ನೋಡಿ ಆನಂದಿಸಬಹುದೆ? ಈ ಪ್ರಶ್ನೆಯು ಕೆಲಸವಿಲ್ಲದವರ ಚರ್ಚೆಯೆಂದು ಕೆಲವರಿಗೆ ತೋರಬಹುದು. ಆದರೆ ಅಣೆಕಟ್ಟೆಗಳ ಹಿನ್ನೀರನ್ನು ನೋಡುವುದಕ್ಕೆಂದೇ ಜನರು ನೂರಾರು ಮೈಲಿ ಪ್ರಯಾಣಮಾಡುವ ಈ ಕಾಲದಲ್ಲಿ ಇದನ್ನು ವಿಚಾರಿಸದೆ ಬಿಡುವುದು ಯುಕ್ತವಲ್ಲವೆಂದು ನನ್ನ ಎಣಿಕೆ.

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನು ಕಳೆದ ಮಾಗಿಯಲ್ಲಿ ಕ್ಯಾಂಪರ್‌ವ್ಯಾನ್ ಎಂಬ ವಾಹನವೊಂದನ್ನು ಬಾಡಿಗೆಗೆ ತಂದು, ಕಂಪಲಾಪುರದಿಂದ ನಮ್ಮನ್ನು ಕೊಡಚಾದ್ರಿಗೆ ಕರೆದೊಯ್ದನು. ಅದು ಗಾಲಿಗಳ ಮೇಲೆ ನಿಂತ ಮನೆಯೇ ಸರಿ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹ, ಎಲ್ಲವೂ ಅದರೊಳಗೇ ಇರುವುವು. "ಇನ್ನು ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ, ಮಾವ" ಎಂದು ಅವನು ಹೆಮ್ಮೆಪಟ್ಟನು. ಆ ಮಾತಿನಲ್ಲಿ ಸೌಕರ್ಯ ಮಾತ್ರವಲ್ಲ, ಒಂದು ನ್ಯಾಯವೂ ಅಡಗಿದೆ. ಹಿಂದಿನ ಛತ್ರಗಳನ್ನು ಹೊಗಳುವವರು, ಅವುಗಳಲ್ಲಿ ಎಷ್ಟೋ ಕಡೆ ಹಸಿವನ್ನು ವಿಚಾರಿಸುವ ಮೊದಲು ಜಾತಿಯನ್ನು ವಿಚಾರಿಸುತ್ತಿದ್ದರೆಂಬುದನ್ನು ಮರೆಯಬಾರದು. ಆ ಪ್ರಶ್ನೆಗೆ ತಲೆತಗ್ಗಿಸಿ ಜಗಲಿಯಿಂದ ಇಳಿದುಹೋದವರಿಗೆ ಇಂಥ ಮನೆಯೊಂದು ಇದ್ದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು! ಆದುದರಿಂದ ವಾಹನವನ್ನು ನಿಂದಿಸುವುದು ನನ್ನ ಉದ್ದೇಶವಲ್ಲ.

ಹೊಸನಗರ ತಾಲ್ಲೂಕಿನ ಕೊಡಚಾದ್ರಿಯು ಸಮುದ್ರಮಟ್ಟದಿಂದ 1343 ಮೀಟರು ಎತ್ತರವಾಗಿರುವುದು. ಬಹುದೂರದವರೆಗೆ ಜೀಪುಗಳು ಹತ್ತುತ್ತವೆ. ಮೊಳಕಾಲು ಒಪ್ಪುವವರೆಗೂ ನಡೆಯೋಣವೆಂದು ನಾವು ಕಾಡುದಾರಿಯನ್ನು ಹಿಡಿದೆವು. ಮರಗಳ ನೆರಳು ಮುಗಿದೊಡನೆ ಹುಲ್ಲಿನ ದಿಣ್ಣೆಗಳು, ಅವುಗಳ ನೆತ್ತಿಯಲ್ಲಿ ಶಂಕರಾಚಾರ್ಯರ ಹೆಸರಿನೊಡನೆ ಸೇರಿಕೊಂಡಿರುವ ಸರ್ವಜ್ಞಪೀಠದ ಪುಟ್ಟ ಕಲ್ಲುಮಂಟಪ. ಒಂದು ಕಡೆ ಘಟ್ಟವು ಕಡಿದಾಗಿ ಕರಾವಳಿಗೆ ಇಳಿದಿದೆ. ಇನ್ನೊಂದು ಕಡೆ ದೂರದಲ್ಲಿ ಶರಾವತಿಯ ಹಿನ್ನೀರು, ಕಾಡುಗುಡ್ಡಗಳ ನಡುವೆ ಕೈಬೆರಳುಗಳನ್ನು ಚಾಚಿದಂತೆ ಹರಡಿ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಅದು ರಮ್ಯವಾದುದೆಂಬುದನ್ನು ಯಾವ ವಿವೇಕವೂ ಅಲ್ಲಗಳೆಯಲಾರದು.

ಆದರೆ ಅದು ಸ್ವಯಂಭೂ ಸರೋವರವಲ್ಲ. 1948ರ ಹಿರೇಭಾಸ್ಕರ ಅಣೆಕಟ್ಟೆಯಿಂದಲೇ ಒಂದಿಷ್ಟು ನೆಲ ಮುಳುಗಿತ್ತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿದಾಗ ಆ ಹಳೆಯ ಅಣೆಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ಬೆರಳುಗಳಂತೆ ಕಾಣುವ ಆ ನೀರಿನ ಕೈಗಳೆಲ್ಲ ಒಂದು ಕಾಲಕ್ಕೆ ಭತ್ತದ ಗದ್ದೆಗಳೂ ಅಡಿಕೆಯ ತೋಟಗಳೂ ಇದ್ದ ಕಣಿವೆಗಳು. ಅಲ್ಲಿಂದ ಎದ್ದುಬಂದವರಲ್ಲಿ ಹಲವರನ್ನು ಕಾಡಿನ ಭೂಮಿಯಲ್ಲಿ ನೆಲೆಗೊಳಿಸಿದರು. ಅರವತ್ತು ವರ್ಷ ಕಳೆದರೂ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಇನ್ನೂ ತೀರಿಲ್ಲ.

ಇಲ್ಲಿ ಅಲಂಕಾರಶಾಸ್ತ್ರವನ್ನು ಓದಿದವರು ಒಂದು ಪೂರ್ವಪಕ್ಷವನ್ನು ಎತ್ತಬಹುದು. ಸೀತೆಯ ದುಃಖವನ್ನು ಕಾವ್ಯದಲ್ಲಿ ಓದಿ ನಾವು ಆನಂದಿಸುವುದಿಲ್ಲವೆ? ಭಟ್ಟನಾಯಕನೂ ಅವನ ತರುವಾಯ ಅಭಿನವಗುಪ್ತನೂ ಹೇಳಿದ ಸಾಧಾರಣೀಕರಣದಿಂದ, ನನ್ನದು ಪರರದು ಎಂಬ ಭೇದವು ಅಳಿದಮೇಲೆ ರಸಕ್ಕೆ ದೋಷವೆಲ್ಲಿ? ಹಾಗೆಯೇ ಈ ಜಲರಾಶಿಯನ್ನೂ ಸಹೃದಯನು ಶುದ್ಧ ರೂಪವೆಂದು ನೋಡಲಿ ಎಂದು. ಈ ವಾದವು ಚಮತ್ಕಾರವಾಗಿದೆ, ಆದರೆ ನಿಲ್ಲದು. ಸೀತೆಯ ಕಣ್ಣೀರಿನಿಂದ ಓದುಗನ ಮನೆಯಲ್ಲಿ ದೀಪ ಹೊತ್ತುವುದಿಲ್ಲ. ಶರಾವತಿಯ ವಿದ್ಯುದಾಗಾರವಾದರೋ 1035 ಮೆಗಾವಾಟಿನ ಸಾಮರ್ಥ್ಯವುಳ್ಳದ್ದು. ಅದರ ವಿದ್ಯುತ್ತು ನಾಡಿನ ತಂತಿಗಳಲ್ಲೆಲ್ಲ ಬೆರೆತು ಹರಿಯುತ್ತದೆ. ನಮ್ಮೂರಿನ ಪಂಪುಸೆಟ್ಟು, ಹಿಟ್ಟಿನ ಗಿರಣಿ, ಈ ಲೇಖನವನ್ನು ಬರೆಯುತ್ತಿರುವ ನನ್ನ ಮೇಜಿನ ದೀಪ, ಇವುಗಳಲ್ಲಿ ಆ ಗದ್ದೆಗಳ ಪಾಲೆಷ್ಟೆಂದು ಬೇರ್ಪಡಿಸಿ ಹೇಳುವುದು ಅಸಾಧ್ಯ. ಪಾಲೇ ಇಲ್ಲವೆನ್ನುವುದು ಸುಳ್ಳು.

ಹೀಗಾದರೆ ಪ್ರವಾಸಿಯೊಬ್ಬನನ್ನೇ ಹಿಡಿದು ಗದರಿಸುವುದು ಅನ್ಯಾಯವಾಗುತ್ತದೆ. ಮನೆಯಲ್ಲಿ ಕುಳಿತು ದೀಪ ಹಚ್ಚಿಕೊಂಡವನೂ ಅಷ್ಟೇ ಸಾಲಗಾರನು. ಪ್ರವಾಸಿಯು ಸಾಲ ಕೊಟ್ಟವನ ಅಂಗಳದವರೆಗೆ ಬಂದಿದ್ದಾನೆ. ಅಷ್ಟೇ ಅವನ ವಿಶೇಷ. ಬಂದವನು ಏನು ಮಾಡುತ್ತಾನೆಂಬುದರಲ್ಲಿ ಧರ್ಮಾಧರ್ಮಗಳ ವಿವೇಚನೆಯು ತೊಡಗುವುದು.

ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥಬ್ರಾಹ್ಮಣವು ಇವುಗಳೊಡನೆ ಮನುಷ್ಯಋಣವೆಂಬ ನಾಲ್ಕನೆಯದನ್ನು ಹೇಳುತ್ತದೆ. ಅದನ್ನು ತೀರಿಸುವ ಬಗೆಯೂ ಅಲ್ಲಿಯೇ ಉಕ್ತವಾಗಿದೆ: ಜನರಿಗೆ ವಾಸವನ್ನು ಕೊಡುವುದು, ಅಶನವನ್ನು ಕೊಡುವುದು. ನಾನು ಇದನ್ನು ಪಾಠಶಾಲೆಯಲ್ಲಿ ಓದಿದ್ದೆನು. ಇದರ ಅರ್ಥವು ಬೆಟ್ಟದ ಬುಡದ ಒಂದು ಮನೆಯಲ್ಲಿ ಮನಸ್ಸಿಗೆ ನಾಟಿತು. ಬೆಟ್ಟ ಹತ್ತುವ ಹಿಂದಿನ ಸಂಜೆ ನಮ್ಮ ವಾಹನದ ನೀರು ಮುಗಿದುಹೋಯಿತು. ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲವೆಂದಿದ್ದ ಹುಡುಗನೇ ಬಿಂದಿಗೆ ಹಿಡಿದು ಹೋಗಿ ಬಾಗಿಲು ತಟ್ಟಬೇಕಾಯಿತು. ಮನೆಯ ಯಜಮಾನರು ಎಂಬತ್ತರ ಹತ್ತಿರದವರು. ಬಾವಿಯನ್ನು ತೋರಿಸಿ, ಗಾಡಿಯನ್ನು ರಸ್ತೆಯಲ್ಲಿ ಬಿಡಬೇಡಿ, ಅಂಗಳದಲ್ಲೇ ನಿಲ್ಲಿಸಿ ಎಂದರು. ರಾತ್ರಿ ಗಂಜಿಯೂ ಉಪ್ಪಿನಕಾಯಿಯೂ ಬಂದವು. ಮಾತಿನ ನಡುವೆ ತಿಳಿದುದು, ಅವರು ಹುಡುಗನಾಗಿದ್ದಾಗ ತಂದೆಯೊಡನೆ ಮುಳುಗಡೆಯ ಊರಿನಿಂದ ಎದ್ದುಬಂದವರು. ಮನೆಯ ಕಂಬ, ತೊಲೆಗಳನ್ನು ಬಿಚ್ಚಿ ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದರಂತೆ. "ನಾವೂ ಮನೆಯನ್ನು ಗಾಡಿಯ ಮೇಲೆ ಇಟ್ಕೊಂಡೇ ಬಂದವರು" ಎಂದು ನಕ್ಕರು. ಆ ನಗೆಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ವಾಸವನ್ನು ಕಳೆದುಕೊಂಡವರು ವಾಸವನ್ನು ಕೊಟ್ಟರು. ಋಣವಿದ್ದವರು ಇನ್ನಷ್ಟು ಪಡೆದುಕೊಂಡೆವು. ಮರುದಿನ ಬೆಟ್ಟದ ಮೇಲೆ ನಿಂತು ನೋಡಿದಾಗ ಆ ನೀರಿನ ಚೆಲುವು ಕಡಮೆಯಾಗಲಿಲ್ಲ. ತಿಳಿವಳಿಕೆಯು ರಸಾಸ್ವಾದವನ್ನು ಕೆಡಿಸುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ನಾನು ಇದರಿಂದ ಹೇಳುತ್ತೇನೆ. ಸೋದರಳಿಯನು ಚಿತ್ರಗಳನ್ನು ತೆಗೆಯುತ್ತ, "ಅವರ ಊರು ಯಾವ ಕಡೆ ಇತ್ತು, ಮಾವ?" ಎಂದು ಕೇಳಿದನು. ಇಬ್ಬರಿಗೂ ಗೊತ್ತಾಗಲಿಲ್ಲ. ಅಲ್ಲಿ ಅದನ್ನು ತಿಳಿಸುವ ಒಂದು ಹಲಗೆಯೂ ನಮಗೆ ಕಾಣಲಿಲ್ಲ. ಇಳಿದುಬಂದಮೇಲೆ ಅವನು ಮತ್ತೆ ಆ ಅಂಗಳಕ್ಕೆ ಹೋಗಿ, ಯಜಮಾನರಿಂದ ಊರಿನ ಹೆಸರನ್ನೂ ಅವರಿಗೆ ನೆನಪಿದ್ದ ಗದ್ದೆಗಳ ಹೆಸರುಗಳನ್ನೂ ಬರೆದುಕೊಂಡು ಬಂದನು.

ಇದಕ್ಕಾಗಿ ಮಲೆನಾಡಿಗೇ ಹೋಗಬೇಕಾಗಿಲ್ಲ. 1974ರಲ್ಲಿ ಮುಗಿದ ಕಬಿನಿಯ ಜಲಾಶಯವು ನಮ್ಮ ಹೆಗ್ಗಡದೇವನಕೋಟೆಯಲ್ಲಿಯೇ ಇದೆ. ಅದರ ದಡದ ವಸತಿಗೃಹಗಳಿಗೆ ಆನೆಗಳನ್ನು ನೋಡಲು ಬರುವವರಿಗೆ ಲೆಕ್ಕವಿಲ್ಲ. ಅದರ ತಳದಲ್ಲಿರುವ ಊರುಗಳ ಹೆಸರು, ಗಡಿ, ಕೆರೆ, ಜಾತ್ರೆಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ನಮ್ಮ ಸಂಘದವರು ಬರುವ ಬೇಸಗೆಯಲ್ಲಿ, ನೀರು ಇಳಿದು ಹಳೆಯ ನೆಲ ಕಾಣುವ ಕಾಲಕ್ಕೆ, ಅವರಲ್ಲಿ ಇಬ್ಬರು ಮೂವರನ್ನಾದರೂ ದಡಕ್ಕೆ ಕರೆದುಕೊಂಡು ಹೋಗಿ ಅವರು ತೋರಿಸಿದುದನ್ನು ಬರೆದುಕೊಳ್ಳುವುದಾದರೆ, ಬರವಣಿಗೆಯ ಕೆಲಸಕ್ಕೆ ನಾನು ಸಿದ್ಧನಾಗಿದ್ದೇನೆ.