ಕೆಂಪು ನೀರು, ಕಪ್ಪು ಎಣ್ಣೆ

ಉಡುಪಿ ಸೀಮೆಯ ಮಳೆನೀರಿಗೆ ಮುರಕಲ್ಲಿನ ಕೆಂಪು ಬಣ್ಣ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಎಷ್ಟೋ ಮನೆಗಳ ಬಾವಿಕಟ್ಟೆ ಮುಳುಗಿ, ಹೊಳೆಯೇ ಬಾವಿಗೆ ಇಳಿಯಿತು. ನೆರೆ ಇಳಿದ ಮೇಲೂ ಆ ನೀರು ಬಾಯಿಗಿಡುವಂತಿರಲಿಲ್ಲ. ಅಂಥ ನೀರನ್ನು ಕೊಡಪಾನದಲ್ಲಿ ತುಂಬಿಟ್ಟರೆ ಮರಳು ಆಗಲೇ ತಳ ಸೇರುತ್ತದೆ. ಕೆಂಪು ಮಾತ್ರ ಮರುದಿನ ಬೆಳಿಗ್ಗೆಯೂ ಹಾಗೆಯೇ ನಿಂತಿರುತ್ತದೆ.

ಮನಸ್ಸು ಕದಡಿದವರಿಗೆ ನಾವು ಸುಲಭವಾಗಿ ಹೇಳಿಬಿಡುತ್ತೇವೆ: "ಸ್ವಲ್ಪ ದಿನ ಸುಮ್ಮನಿರು, ಎಲ್ಲ ತಿಳಿಯಾಗುತ್ತದೆ." ಕೆಲವು ದುಃಖಗಳಿಗೆ ಅಷ್ಟೇ ಸಾಕು, ನಿಜ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಮರಳಿನ ಕಣ ಒಂದು ಮೀಟರ್ ಆಳ ಇಳಿಯಲು ಹೆಚ್ಚೆಂದರೆ 2 ನಿಮಿಷ. ಅದರ ನೂರನೇ ಪಾಲು ಗಾತ್ರದ ಜೇಡಿಯ ಕಣಕ್ಕೆ, ನೀರು ಒಂದಿಷ್ಟೂ ಅಲುಗದಿದ್ದರೂ, ಸುಮಾರು 2 ವಾರ ಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಜೇಡಿಯ ಕಣಗಳ ಮೈಮೇಲೆ ಇರುವುದು ಒಂದೇ ಬಗೆಯ ವಿದ್ಯುತ್ತು, ಋಣವಿದ್ಯುತ್ತು. ಹತ್ತಿರ ಬಂದರೆ ಒಂದನ್ನೊಂದು ತಳ್ಳುತ್ತವೆ. ಕೂಡಿಕೊಂಡು ಭಾರವಾದರೆ ತಾನೇ ಇಳಿಯುವುದು? ಉಡುಪಿಗೂ ಮಣಿಪಾಲಕ್ಕೂ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ; ನದಿ ನೀರನ್ನು ಕುಡಿಯುವಂತೆ ಮಾಡುವಾಗ ಆಲಂ ಬೆರೆಸುವುದು ಈ ತಳ್ಳಾಟ ನಿಲ್ಲಿಸಲಿಕ್ಕೇ. ಅದರೊಳಗಿನ ಅಲ್ಯೂಮಿನಿಯಂ ಧನವಿದ್ಯುತ್ತು ಹೊತ್ತು ನಡುವೆ ಬರುತ್ತದೆ, ಕಣಗಳು ಹಿಂಡುಗಟ್ಟಿ ತಳಕ್ಕಿಳಿಯುತ್ತವೆ. ಸ್ವರ್ಣೆ, ಸೀತೆ ಎರಡೂ ನದಿಗಳು ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುವಾಗ ಉಪ್ಪು ಇದೇ ಕೆಲಸ ಮಾಡುತ್ತದೆ.

ತರವಾಡು ಮನೆಯ ಪಾಲಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕಾಪುವಿನ ಕಡೆಯೂ ಕಾರ್ಕಳದ ಕಡೆಯೂ ನೋಡಿದ್ದೇನೆ. ವರ್ಷಕ್ಕೊಮ್ಮೆ ನಾಗಬನದ ತಂಬಿಲದ ಪೂಜೆಗೆ ಬರುತ್ತಾರೆ, ಪ್ರಸಾದ ತೆಗೆದುಕೊಂಡು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಜೇಡಿಯ ಕಣಗಳ ವಿದ್ಯುತ್ತಿನಂತೆ ಇಬ್ಬರ ನೋವೂ ಒಂದೇ: "ನನ್ನನ್ನು ಒಂದು ಮಾತು ಕೇಳಲಿಲ್ಲ." ಕಾಲ ಅವರನ್ನು ತಿಳಿಗೊಳಿಸಿಲ್ಲ, ಮುದುಕರನ್ನಾಗಿ ಮಾಡಿದೆ. ಅಕ್ಕನೋ ಅತ್ತೆಯೋ, ಆ ನೋವಿಲ್ಲದ ಯಾರಾದರೂ ನಡುವೆ ಹೋಗಲೇಬೇಕು. ಹಿಂದೆ ಕೊಡದ ಒಳಮೈಗೆ ಚಿಲ್ಲದ ಬೀಜ ತೇಯ್ದು ನೀರು ತಿಳಿಗೊಳಿಸುತ್ತಿದ್ದರು. ಶಂಕರರ ಹೆಸರಿನಲ್ಲಿರುವ 'ಆತ್ಮಬೋಧ'ದಲ್ಲಿ ಜ್ಞಾನಕ್ಕೆ ಈ ಬೀಜದ ಹೋಲಿಕೆ ಬರುತ್ತದೆ. ಅದು ಕೊಳೆಯನ್ನು ಇಳಿಸಿ ತಾನೂ ಅದರ ಜೊತೆಗೇ ತಳ ಸೇರಿ ಮರೆಯಾಗುತ್ತದೆ. ಮಧ್ವರ ಊರಿನಲ್ಲಿ ನಿಂತು ಹೇಳಿದರೂ ಆ ಹೋಲಿಕೆಯ ಸೊಗಸು ಕುಂದುವುದಿಲ್ಲ. ರಾಜಿ ಮಾಡಿಸಿ, ಆಮೇಲೆ ಆ ವಿಷಯವನ್ನೇ ಎತ್ತದ ಹಿರಿಯರು ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ.

ಕಾರ್ಕಳದ ಘಟ್ಟದ ತಪ್ಪಲಿಗೆ ಮಳೆ ಹಿಡಿದ ಭಾನುವಾರಗಳಲ್ಲಿ ಹುಡುಗರು ಕೆಸರು ದಾರಿ ಹುಡುಕಿಕೊಂಡು ಬೈಕುಗಳಲ್ಲಿ ಬರುತ್ತಾರೆ. ತೋಡು ದಾಟುವಾಗ ಚಕ್ರ ಕದಡಿದ ನೀರು ಕೆಳಗಿನ ಗದ್ದೆಯವರ ಪಾಲಿಗೆ. ಸವಾರನಿಗೆ ಅದು ಕಾಣುವುದಿಲ್ಲ. ಅವನದೇ ಬೈಕಿನ ಮುಂಚಕ್ರ ಹಿಡಿದ ಫೋರ್ಕಿನೊಳಗೆ ನಡೆಯುವುದೂ ಕಾಣುವುದಿಲ್ಲ. ಹೀರೋ ಎಕ್ಸ್‌ಪಲ್ಸ್ 200ರ ಮುಂಚಕ್ರ 190 ಮಿ.ಮೀ.ನಷ್ಟು ಮೇಲೆ ಕೆಳಗೆ ಆಡಬಲ್ಲದು. ಕಲ್ಲುಗುಂಡಿಗಳ ಪೆಟ್ಟನ್ನು ಸ್ಪ್ರಿಂಗ್ ನುಂಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸ್ಪ್ರಿಂಗ್ ತೆಗೆದುಕೊಂಡದ್ದನ್ನು ಹೆಚ್ಚುಕಡಿಮೆ ಪೂರ್ತಿ ವಾಪಸು ಕೊಡುತ್ತದೆ. ಅದೊಂದೇ ಇದ್ದರೆ ಬೈಕು ಕುಣಿಯುತ್ತಲೇ ಇರುತ್ತಿತ್ತು. ಕುಣಿತ ನಿಲ್ಲಿಸುವುದು ಎಣ್ಣೆ. ಸಣ್ಣ ಸಣ್ಣ ತೂತುಗಳಲ್ಲಿ ನುಗ್ಗಿ ನುಗ್ಗಿ ಅದು ಪೆಟ್ಟನ್ನೆಲ್ಲ ತನ್ನ ಮೈಯ ಬಿಸಿಯಾಗಿ ಮಾಡಿಕೊಳ್ಳುತ್ತದೆ. ಪೆಟ್ಟು ಮಾಯವಾಗುವುದಿಲ್ಲ.

ಕಾರ್ಕಳದ ಗ್ಯಾರೇಜೊಂದರಲ್ಲಿ ಫೋರ್ಕ್ ಬಿಚ್ಚುವುದನ್ನು ಹತ್ತಿರ ಕೂತು ನೋಡಿದೆ. ಕೊಳವೆಯನ್ನು ಬೋರಲು ಹಿಡಿದಾಗ ಸುರಿದದ್ದು ಬೂದುಗಪ್ಪು ಎಣ್ಣೆ, ಮೂಗಿಗೆ ಅಡರುವ ನಾತ. ತಟ್ಟೆಯನ್ನು ಓರೆ ಮಾಡಿದರೆ ಅಂಚಿನಲ್ಲಿ ಲೋಹದ ನುಣ್ಣನೆ ಪುಡಿ ಮಿನುಗಿತು. ಸೀಲಿನ ಸುತ್ತ ಕೆಂಪು ಮಣ್ಣು ಒಣಗಿ ಮೆತ್ತಿಕೊಂಡು, ಹೊಳಪಿನ ಕೊಳವೆಯ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು. "ಎಂಜಿನ್ ಆಯಿಲ್ ಎಲ್ಲರೂ ಬದಲಿಸ್ತಾರೆ ಮಾರಾಯ್ರೆ, ಇದನ್ನು ಕೇಳುವವರೇ ಇಲ್ಲ. ಲೀಕ್ ಆದ ಮೇಲೇ ತರುವುದು" ಎಂದರು ಮೆಕ್ಯಾನಿಕ್.

"ಸಹಿಸಿಕೋ" ಅನ್ನುವ ನಮ್ಮ ಇನ್ನೊಂದು ಉಪದೇಶವನ್ನು ಒಪ್ಪುವುದು ನನಗೆ ಆ ಗ್ಯಾರೇಜಿನಲ್ಲಿ ಕಷ್ಟವಾಯಿತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರೋಗಿಯ ಕಡೆಯವರ ಬೈಗುಳ ಕೇಳಿಸಿಕೊಂಡು, ಅದನ್ನು ಪಕ್ಕದ ಹಾಸಿಗೆಯ ರೋಗಿಗೆ ದಾಟಿಸದೆ ಮೆಲ್ಲಗೆ ಸೂಜಿ ಚುಚ್ಚುವ ನರ್ಸ್. ಗಂಡನ ಸಿಟ್ಟು ಮಕ್ಕಳಿಗೆ, ಮಗನ ಸಿಟ್ಟು ಸೊಸೆಗೆ ಮುಟ್ಟದಂತೆ ನಡುವೆ ನಿಂತ ಅಮ್ಮ. ಆ ಎಣ್ಣೆಯಂತೆ ಪೆಟ್ಟನ್ನು ತಮ್ಮೊಳಗೇ ಇಟ್ಟುಕೊಳ್ಳುವ ಇವರನ್ನು ಸಹನಾಮೂರ್ತಿ ಎಂದು ಹೊಗಳಿ ಅಲ್ಲಿಗೆ ಬಿಡುವುದು ಕ್ರೌರ್ಯ. ಅವರಿಗೆ ಬೇಕಾದ್ದು ರಜೆ, ನಿದ್ದೆ, ನಾಲ್ಕು ದಿನ ಯಾರ ಕರೆಗೂ ಓಗೊಡದೆ ಇರುವ ಅವಕಾಶ. ತುಳುನಾಡಿನಲ್ಲಿ ಆಟಿ ತಿಂಗಳಿಗೆ ಹೊಸ ಮದುಮಗಳನ್ನು ತವರಿಗೆ ಕರೆಸುತ್ತಾರೆ. ಹೊಸಬಳನ್ನು ಮಾತ್ರ ಏಕೆ? ಮೂವತ್ತು ವರ್ಷ ಮನೆಯವರೆಲ್ಲರ ಸಿಟ್ಟು ನುಂಗಿದವಳನ್ನು ಕರೆಸಲು ತವರಿನಲ್ಲಿ ಯಾರೂ ಉಳಿದಿರದಿದ್ದರೆ, ಮಕ್ಕಳೇ ಅವಳನ್ನು ಇಷ್ಟಪಟ್ಟ ಊರಿಗೆ ಕಳಿಸಿಕೊಡಲಿ, ಅಷ್ಟು ದಿನ ಅಡುಗೆಮನೆಯನ್ನು ತಾವು ನೋಡಿಕೊಳ್ಳಲಿ.